ಸೊನ್ನೆ ಊದುವವನ ತಂಗಿ

ನನ್ನ ಅಣ್ಣನನ್ನು ಬಸ್ ಡಿಪೋದಲ್ಲಿ ಎಲ್ಲರೂ ಸೊನ್ನೆ ಅಂತಲೇ ಕರೆಯುತ್ತಿದ್ದರು. ಹೀಯಾಳಿಸಲು ಅಲ್ಲ, ಮರ್ಯಾದೆಗೆ. ಮೂವತ್ತೊಂದು ವರ್ಷ ಪ್ರತಿದಿನ ಬೆಳಗ್ಗೆ ಐದಕ್ಕೆ ಅವನು ಡೀಸೆಲ್ ಪಂಪಿನ ಪಕ್ಕದ ಸಣ್ಣ ಕೋಣೆಯ ಬಾಗಿಲು ತೆಗೆದು, ಮೇಜಿನ ಡ್ರಾಯರಿನಿಂದ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದಾದ ಹಳದಿ ಯಂತ್ರವನ್ನು ಹೊರತೆಗೆದು, ಹೊಸ ಕೊಳವೆ ಸಿಕ್ಕಿಸಿ, ಮೊದಲು ತಾನೇ ಊದುತ್ತಿದ್ದ. ಯಂತ್ರ ಸೊನ್ನೆ ತೋರಿಸುತ್ತಿತ್ತು. ಅದನ್ನು ಸಾಲಿನಲ್ಲಿ ಮೊದಲು ನಿಂತ ಡ್ರೈವರನ ಮೂಗಿನ ಮುಂದೆ ಹಿಡಿದು, ಯಂತ್ರವೂ ಸರಿಯಿದೆ ನಾನೂ ಸರಿಯಿದ್ದೇನೆ ಎಂದು ಸಾರುತ್ತಿದ್ದ. ಆಮೇಲೆ ಉಳಿದವರ ಸರದಿ. ಯಾರ ಉಸಿರಿನಲ್ಲಿ ಕುಡಿತದ ಅಂಕಿ ಬಂತೋ ಅವರಿಗೆ ಆ ದಿನ ಬಸ್ಸಿಲ್ಲ. ಪರೀಕ್ಷೆ ಮಾಡುವವನು ತಾನೂ ಊದಬೇಕು ಎಂದು ಯಾವ ನಿಯಮವೂ ಇರಲಿಲ್ಲ. ಅದು ಅವನೇ ಮಾಡಿಕೊಂಡ ಪದ್ಧತಿ. ಅಷ್ಟು ವರ್ಷಗಳಲ್ಲಿ ಯಂತ್ರ ನಾಲ್ಕು ಸಲ ಬದಲಾಯಿತು, ಸೊನ್ನೆ ಬದಲಾಗಲಿಲ್ಲ. ಒಂದೇ ಒಂದು ದಿನ ಬಿಟ್ಟು, ಅದನ್ನು ಆಮೇಲೆ ಹೇಳುತ್ತೇನೆ.

ಈ ಪದ್ಧತಿಗೆ ಕಾರಣ ನಮ್ಮ ವಂಶ. ನಮ್ಮಜ್ಜ ಗಾರೆ ಕೆಲಸದವನು. ಅವನು ಕಟ್ಟಿದ ಕಾಂಪೌಂಡು ಗೋಡೆಯೊಂದು ನಮ್ಮ ಹಳೆಯ ಬೀದಿಯಲ್ಲಿ ಇನ್ನೂ ನಿಂತಿದೆ. ಅರ್ಧದವರೆಗೆ ನೂಲು ಹಿಡಿದಷ್ಟು ನೆಟ್ಟಗಿದ್ದು, ಅಲ್ಲಿಂದ ಮುಂದೆ ಮೆಲ್ಲಗೆ ಬೀದಿಯ ಕಡೆ ವಾಲುತ್ತದೆ. ಇದು ಊಟಕ್ಕೆ ಮುಂಚೆ ಕಟ್ಟಿದ್ದು, ಇದು ಊಟವಾದ ಮೇಲೆ ಕಟ್ಟಿದ್ದು ಎಂದು ಅಜ್ಜಿ ಬೆರಳು ಮಾಡಿ ತೋರಿಸುತ್ತಿದ್ದಳು. ಅಪ್ಪ ಚಿತ್ರಮಂದಿರದಲ್ಲಿ ರೀಲು ಓಡಿಸುವವನು. ಒಂದು ಸಂಜೆ ಅಮಲಿನಲ್ಲಿ ರೀಲುಗಳನ್ನು ಹಿಂದುಮುಂದು ಹಾಕಿ, ಮಧ್ಯಂತರಕ್ಕೆ ಮುಂಚೆ ಸತ್ತ ಖಳನಾಯಕನನ್ನು ಮಧ್ಯಂತರದ ನಂತರ ಮಗಳ ಮದುವೆಗೆ ಕರೆತಂದ. ಜನ ಸಿಳ್ಳೆ ಹೊಡೆದು ಸಂತೋಷಪಟ್ಟರು, ಮಾಲೀಕರು ಪಡಲಿಲ್ಲ. ಹೀಗೆ ಮೂರು ಚಿತ್ರಮಂದಿರ ಕಳೆದುಕೊಂಡು, ಪಿತ್ತಕೋಶ ಯಕೃತ್ತು ಎಲ್ಲವನ್ನೂ ಕಳೆದುಕೊಂಡು, ಐವತ್ತೊಂದಕ್ಕೆ ಅಪ್ಪ ಹೋದ. ಅವನ ಕತೆಯನ್ನು ನಗುತ್ತಾ ಹೇಳುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು.

ಅಜ್ಜಿಯದೊಂದು ಸಿದ್ಧಾಂತವಿತ್ತು. "ಇದು ತಲೆಮಾರಿಗೆ ಒಬ್ಬರನ್ನ ಹಿಡಿಯುತ್ತೆ. ಇಬ್ಬರನ್ನ ಹಿಡಿಯಲ್ಲ, ಹಾಗಂತ ಒಬ್ಬರನ್ನೂ ಬಿಡಲ್ಲ." ಸಾಕ್ಷಿಗೆ ಅಪ್ಪನ ತಮ್ಮನನ್ನು ತೋರಿಸುತ್ತಿದ್ದಳು. ಆ ಚಿಕ್ಕಪ್ಪ ನೀರನ್ನು ಕೂಡ ಕಾಯಿಸಿ ಆರಿಸಿ ಕುಡಿಯುವ ಮನುಷ್ಯ. ನಮ್ಮ ತಲೆಮಾರಿನಲ್ಲಿ ಇದ್ದದ್ದು ನಾವಿಬ್ಬರೇ, ಅಣ್ಣ ಮತ್ತು ನಾನು. ಯಾರನ್ನು ಹಿಡಿಯುತ್ತದೆ ಎಂಬುದೇ ಪ್ರಶ್ನೆ. ಆದರೆ ಅದನ್ನು ಯಾರೂ ಪ್ರಶ್ನೆ ಎಂದುಕೊಳ್ಳಲೇ ಇಲ್ಲ. ಇಬ್ಬರಲ್ಲಿ ಒಬ್ಬ ಗಂಡು, ಇನ್ನೊಬ್ಬಳು ಹೆಣ್ಣು. ಲೆಕ್ಕ ಮುಗಿಯಿತಲ್ಲ, ಮನೆಯವರೆಲ್ಲ ಅಣ್ಣನ ಕಡೆ ತಿರುಗಿ ಕೂತರು.

ಅಪ್ಪ ಹೋದಾಗ ಅಣ್ಣನಿಗೆ ಹದಿನೇಳು, ನನಗೆ ಹದಿಮೂರು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಒಂದು ಹುದ್ದೆ ಕೊಟ್ಟಳು. ನನ್ನ ಮೂಗು ಚುರುಕು. ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ನಮ್ಮ ಮನೆಯಿಂದ ಹೇಳುತ್ತಿದ್ದೆ. ಆದ್ದರಿಂದ ಅಣ್ಣ ಹೊರಗಿನಿಂದ ಬಂದ ಕೂಡಲೇ ಬಾಗಿಲಲ್ಲೇ ಅವನ ಬಾಯಿ ಮೂಸಿ ವರದಿ ಒಪ್ಪಿಸಬೇಕು. ಅಣ್ಣ ನನಗಿಂತ ಒಂದು ಮೊಳ ಎತ್ತರ. ಪಾಪ, ಅವನೇ ಬಗ್ಗಿ ಬಾಯಿ ತೆರೆಯುತ್ತಿದ್ದ. ಒಂದು ತಿಂಗಳಾಗುವಷ್ಟರಲ್ಲಿ ಅದು ಚಪ್ಪಲಿ ಬಿಡುವಷ್ಟೇ ಅಭ್ಯಾಸವಾಯಿತು. ಚಪ್ಪಲಿ ಬಿಡು, ಬಗ್ಗು, ಬಾಯಿ ತೆರೆ, ಒಳಗೆ ಹೋಗು.

ಒಮ್ಮೆ ಸಿಕ್ಕಿಬಿದ್ದ. ಆಗ ಅವನು ಟಯರ್ ಅಂಗಡಿಯಲ್ಲಿ ಕೆಲಸಕ್ಕಿದ್ದ, ಇಪ್ಪತ್ತೆರಡು ವಯಸ್ಸು. ಅಲ್ಲಿನ ಮೂವರು ಗೆಳೆಯರಿಗೆ ಶನಿವಾರ ಸಂಜೆ ಎಣ್ಣೆ ಹಾಕದಿದ್ದರೆ ವಾರ ಮುಗಿದಂತೆ ಅನಿಸುತ್ತಿರಲಿಲ್ಲ. ಸಹವಾಸದಿಂದ ಸನ್ಯಾಸಿ ಕೆಟ್ಟ ಅನ್ನುತ್ತಾರಲ್ಲ, ಇವನು ಸನ್ಯಾಸಿಯೂ ಅಲ್ಲ. ಒಂದು ಗುಟುಕು ಕುಡಿದ. ಮನೆಗೆ ಬಂದು ಎಂದಿನಂತೆ ಬಗ್ಗಿದ, ನಾನು ಮೂಸಿ ಘೋಷಿಸಿದೆ. ಅಮ್ಮ ಗೋಡೆಗೊರಗಿ ಅತ್ತಳು, ಅಣ್ಣ ಬಚ್ಚಲಲ್ಲಿ ಕೂತು ವಾಂತಿ ಮಾಡಿದ. ಆಮೇಲೆ ಮುಖ ತೊಳೆದುಕೊಂಡು ಬಂದು, ಇಷ್ಟು ಕೆಟ್ಟದ್ದು ಅಪ್ಪನಿಗೆ ಅದು ಹೇಗೆ ಹಿಡಿಸುತ್ತಿತ್ತೋ ಎಂದು ನಿಜವಾದ ಕುತೂಹಲದಿಂದ ಕೇಳಿದ. ಅಷ್ಟಕ್ಕೇ ಆ ಪ್ರಶ್ನೆ ಮುಗಿಯಬೇಕಿತ್ತು. ಆದರೆ ಅಜ್ಜಿ ಮಂಚದಿಂದಲೇ, ಮೊದಮೊದಲು ಎಲ್ಲರೂ ಹಾಗೇ ಅನ್ನುತ್ತಾರೆ ಎಂದಳು. ಅಲ್ಲಿಂದ ಅಣ್ಣನೂ ಅದನ್ನೇ ನಂಬಿದ. ಅದು ಎಲ್ಲೋ ಹೊರಟಿದೆ, ದಾರಿಯಲ್ಲಿದೆ, ಒಂದು ದಿನ ಬಂದು ಬಾಗಿಲು ತಟ್ಟುತ್ತದೆ ಎಂದು ಕಾಯುತ್ತಾ ಬದುಕತೊಡಗಿದ.

ಡಿಪೋದ ಕೆಲಸ ಸಿಕ್ಕಿದ್ದೂ ಇದೇ ಭಯದಿಂದ. ಮ್ಯಾನೇಜರು ಸಂದರ್ಶನದಲ್ಲಿ, ಕುಡಿಯುವ ಅಭ್ಯಾಸ ಉಂಟೇ ಎಂದು ಕೇಳಿದರಂತೆ. ಇಲ್ಲ ಅಂದಿದ್ದರೆ ಸಾಕಿತ್ತು. ಇವನು ಇನ್ನೂ ಇಲ್ಲ ಎಂದು ಶುರುಮಾಡಿ, ಅಜ್ಜನ ಗೋಡೆಯಿಂದ ಅಪ್ಪನ ರೀಲಿನವರೆಗೆ ಕಾಲು ಗಂಟೆ ವಂಶಾವಳಿ ಬಿಚ್ಚಿದ. ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇದಕ್ಕೆ ನಿಮಗಿಂತ ಹೆಚ್ಚು ಹೆದರುವವರು ಸಿಗುವುದಿಲ್ಲ, ಸೋಮವಾರ ಬನ್ನಿ ಅಂದರು. ಹೆಣ್ಣು ನೋಡಲು ಹೋದಾಗಲೂ ಇದೇ ಭಾಷಣ. ನಮ್ಮಲ್ಲಿ ಒಬ್ಬರಿಗೆ ಬರುತ್ತದೆ, ಬಹುಶಃ ನನಗೇ ಎಂದ. ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: "ಬಂದಾಗ ನೋಡೋಣ ಬಿಡಿ. ನನಗೆ ಗೊರಕೆ ಬರುತ್ತೆ, ಅದು ಆಗಲೇ ಬಂದಿದೆ." ಅತ್ತಿಗೆಯನ್ನು ನಾನು ಮೆಚ್ಚಿದ್ದು ಅಲ್ಲಿಂದ. ಮದುವೆಯಾದ ಮೇಲೆ ಮೂಸುವ ಹುದ್ದೆಯನ್ನು ಅವಳಿಗೆ ವಹಿಸಿಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಅವರ ಕಾಲುಚೀಲದ ವಾಸನೆಯೇ ನನಗೆ ಸಾಕು, ಬಾಯಿ ನೀನೇ ಇಟ್ಟುಕೋ ಅಂದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಅಮ್ಮನ ಮನೆಯಲ್ಲಿ ಊಟಕ್ಕೆ ಸೇರುತ್ತಿದ್ದೆವು. ಆಗ ಅಣ್ಣನದು ಒಂದೇ ವಿಷಯ, ವಾರದಲ್ಲಿ ಯಾವ ಡ್ರೈವರು ಯಾವ ಉಪಾಯ ಹೂಡಿದ ಎಂಬುದು. ಒಬ್ಬ ಹಸಿ ಈರುಳ್ಳಿ ಅಗಿದು ಬರುತ್ತಾನೆ. ಒಬ್ಬ ಅರ್ಧ ಟ್ಯೂಬ್ ಟೂತ್‌ಪೇಸ್ಟ್ ನುಂಗಿ ಬರುತ್ತಾನೆ. ಒಬ್ಬ ಊದುವ ಬದಲು ಉಸಿರನ್ನು ಒಳಗೆಳೆದುಕೊಳ್ಳುತ್ತಾನೆ, ಊದಿದರೆ ಕುಯ್ಯೆನ್ನುವ ಯಂತ್ರ ಆಗ ಕುಯ್ಯೆನ್ನುವುದಿಲ್ಲ, ಅಲ್ಲೇ ಸಿಕ್ಕಿಬೀಳುತ್ತಾನೆ. ನನಗೆ ನೆಗಡಿ, ಎದೆನೋವು, ಯಂತ್ರ ಕೆಟ್ಟಿದೆ, ಇವು ದಿನಾ ಇದ್ದದ್ದೇ. ಅಣ್ಣ ತುತ್ತು ಕೈಯಲ್ಲೇ ಹಿಡಿದು ತೀರ್ಪು ಕೊಡುತ್ತಿದ್ದ. ಲವಂಗ, ಏಲಕ್ಕಿ, ಪುದೀನ ಎಲ್ಲ ಮೂಗಿಗೆ ಮೋಸ ಮಾಡುತ್ತವೆ, ಯಂತ್ರಕ್ಕೆ ಮಾಡುವುದಿಲ್ಲ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಜೊತೆಗೆ ಒಂದೊಂದನ್ನೂ ನೆನಪಿಟ್ಟುಕೊಳ್ಳುತ್ತಿದ್ದೆ.

ಸೊನ್ನೆ ತಪ್ಪಿದ ಆ ಒಂದು ದಿನ ಬಂದದ್ದು ಅವನ ನಲವತ್ತೆಂಟನೇ ವಯಸ್ಸಿನಲ್ಲಿ. ಹಿಂದಿನ ದಿನ ಹಲ್ಲು ಕೀಳಿಸಿದ್ದ. ಹಲ್ಲಿನ ಡಾಕ್ಟರು ಬಾಯಿ ಮುಕ್ಕಳಿಸಲು ಒಂದು ನೀಲಿ ದ್ರಾವಣ ಕೊಟ್ಟಿದ್ದರು. ಅಣ್ಣ ಡಿಪೋದ ನಲ್ಲಿಯ ಬಳಿಯೇ ಮುಕ್ಕಳಿಸಿ ಉಗುಳಿ, ನೇರವಾಗಿ ಬಂದು ಕೊಳವೆ ಊದಿದ. ಯಂತ್ರ ಅಂಕಿ ತೋರಿಸಿ ಕೂಗಿಕೊಂಡಿತು. ಆ ದ್ರಾವಣದಲ್ಲಿ ಮದ್ಯದ ಅಂಶ ಇರುತ್ತದೆ, ಕಾಲು ಗಂಟೆ ಬಿಟ್ಟು ಊದಿದರೆ ಹೋಗುತ್ತದೆ ಎಂದು ಅವನೇ ಇಪ್ಪತ್ತು ಡ್ರೈವರುಗಳಿಗೆ ಪಾಠ ಹೇಳಿದ್ದ. ತನ್ನ ವಿಷಯಕ್ಕೆ ಬಂದಾಗ ಅದು ತಲೆಗೇ ಬರಲಿಲ್ಲ. ಅವನಿಗೆ ಹೊಳೆದದ್ದು ಒಂದೇ. ಅಜ್ಜಿ ಹೇಳಿದ್ದು ಬಂತು. ಕುಡಿಯದೆ ಇದ್ದರೂ ಬಿಡಲಿಲ್ಲ, ರಕ್ತವೇ ಒಳಗೊಳಗೆ ತಯಾರಿಸಿಕೊಂಡಿದೆ.

ಅವನು ರಿಜಿಸ್ಟರಿನಲ್ಲಿ ತನ್ನ ಹೆಸರು ಬರೆದು ಮುಂದೆ 'ಇಂದು ಕೆಲಸಕ್ಕೆ ಅನರ್ಹ' ಎಂದು ಸಹಿ ಹಾಕಿದ. ಆಮೇಲೆ ಮ್ಯಾನೇಜರರಿಗೆ ಒಂದು ರಜೆಚೀಟಿ ಬರೆದ. ಕಾರಣ ಎಂಬ ಜಾಗದಲ್ಲಿ 'ವಂಶಪಾರಂಪರ್ಯ' ಎಂದು ಬರೆದು, ದಿನಗಳ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟು, ಬಾಗಿಲಿಗೆ ಬೀಗ ಹಾಕಿ ಮನೆಗೆ ಹೊರಟ. ಹೊರಗೆ ನಲವತ್ತು ಡ್ರೈವರುಗಳು ಸಾಲಿನಲ್ಲಿ ನಿಂತಿದ್ದರು. ಆ ದಿನ ಮೊದಲ ಬಸ್ಸು ಹೊರಟಾಗ ಎಂಟು ಗಂಟೆ. ಮ್ಯಾನೇಜರೇ ಮನೆಗೆ ಬಂದು, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದವನನ್ನು ಎಬ್ಬಿಸಿ, ಮತ್ತೆ ಊದಿಸಿ ಸೊನ್ನೆ ತೋರಿಸಬೇಕಾಯಿತು. ಆ ರಜೆಚೀಟಿಗೆ ಕಟ್ಟು ಹಾಕಿಸಿ ಡಿಪೋದ ಕಚೇರಿಯಲ್ಲಿ ತೂಗುಹಾಕಿದ್ದಾರೆ.

ಇಷ್ಟಾದ ಮೇಲೆ ಮ್ಯಾನೇಜರು ಒಬ್ಬ ಡಾಕ್ಟರನ್ನು ಕರೆಸಿ ಸಿಬ್ಬಂದಿಗೆಲ್ಲ ಒಂದು ಉಪನ್ಯಾಸ ಏರ್ಪಡಿಸಿದರು. ಕುಡಿತಕ್ಕೆ ಬೀಳುವುದು ಹೆಚ್ಚುಕಮ್ಮಿ ಅರ್ಧ ರಕ್ತದಿಂದ, ಇನ್ನರ್ಧ ಬದುಕಿನಿಂದ ಎಂದು ಡಾಕ್ಟರು ಹೇಳಿದರಂತೆ. ಹರೆಯದಲ್ಲಿ ಗೆಳೆಯರು ಎಳೆಯುತ್ತಾರೆ, ಆಮೇಲೆ ಜೊತೆಗೆ ಬಾಳುವವರು ಹಿಡಿದುಕೊಳ್ಳುತ್ತಾರೆ, ಕೆಲಸ ಹಿಡಿದುಕೊಳ್ಳುತ್ತದೆ. ಮನೆ ಖಾಲಿಯಾದಾಗ, ಕೆಲಸ ಹೋದಾಗ ಆ ಹಿಡಿತ ಸಡಿಲವಾಗುತ್ತದೆ. ಅಣ್ಣ ಎದ್ದು ನಿಂತು, ಅಜ್ಜನಿಗೆ ಪೂರ್ತಿ ಇತ್ತು, ಅಪ್ಪನಿಗೆ ಅರ್ಧ ಬಂತು ಅಂದರೆ ನನ್ನ ಪಾಲಿಗೆ ಕಾಲು ತಾನೆ ಎಂದು ಕೇಳಿದನಂತೆ. ಡಾಕ್ಟರು, ಇದು ಆಸ್ತಿ ಪಾಲು ಮಾಡಿದ ಹಾಗಲ್ಲ ಸ್ವಾಮಿ ಅಂದರಂತೆ.

ಆ ಭಾನುವಾರ ಊಟದ ಹೊತ್ತಿಗೆ ಅಣ್ಣ ಇಡೀ ಉಪನ್ಯಾಸವನ್ನು ಒಪ್ಪಿಸಿದ. ರಕ್ತದ ಅರ್ಧಕ್ಕೆ ಏನೂ ಮಾಡುವಂತಿಲ್ಲ, ಇನ್ನು ಮುಂದೆ ಸಹವಾಸದ ಅರ್ಧವನ್ನಾದರೂ ಕತ್ತರಿಸುತ್ತೇನೆ ಎಂದ. ಹೇಳಿದಂತೆ ಮಾಡಿದ ಕೂಡ. ಅಂದಿನಿಂದ ಯಾವ ಮದುವೆಗೆ ಹೋದರೂ ಮಕ್ಕಳ ಪಂಕ್ತಿಯಲ್ಲಿ ಕೂತು ಉಂಡು ಬರುತ್ತಿದ್ದ. ಕೊನೆಯಲ್ಲಿ ನೆನಪಾದವನಂತೆ, "ಇದು ಹೆಣ್ಣುಮಕ್ಕಳಿಗೂ ಬರುತ್ತಂತೆ" ಎಂದ.

"ಉಪ್ಪು ಕೊಡು" ಎಂದಳು ಅಮ್ಮ.

ಉಪ್ಪು ನನ್ನ ಪಕ್ಕದಲ್ಲಿತ್ತು, ಕೊಟ್ಟೆ. ಮಾತು ಬೇರೆ ಕಡೆ ಹೋಯಿತು. ಆ ಹೊತ್ತಿನಲ್ಲಿ ನನ್ನ ಕೈಚೀಲದಲ್ಲಿ, ಜಿಪ್ಪುಗಳ ಪೊಟ್ಟಣದ ಕೆಳಗೆ, ಕಾಲು ಬಾಟಲಿ ಇತ್ತು. ನಾನು ಶುರುಮಾಡಿ ಆಗಲೇ ಎರಡು ವರ್ಷವಾಗಿತ್ತು.

ಹೌದು, ನಾನೇ. ಅಜ್ಜಿಯ ಸಿದ್ಧಾಂತ ಸುಳ್ಳಾಗಲಿಲ್ಲ, ಅವಳು ಬೆರಳು ಮಾಡಿದ ದಿಕ್ಕು ತಪ್ಪಿತ್ತು. ನಾನು ಆಗ ಒಂದು ದೊಡ್ಡ ಹೋಟೆಲಿನಲ್ಲಿ ಬಟ್ಟೆ ಸರಿಮಾಡುವ ಕೋಣೆಯಲ್ಲಿ ಕೆಲಸಕ್ಕಿದ್ದೆ. ನೆಲಮಾಳಿಗೆ, ನಾಲ್ಕು ಹೊಲಿಗೆ ಯಂತ್ರ, ನಾಲ್ಕು ಜನ ಹೆಂಗಸರು, ಬೆಟ್ಟದಷ್ಟು ಹಾಸಿಗೆ ಬಟ್ಟೆ. ಮೇಲೆ ದೊಡ್ಡ ಸಮಾರಂಭ ಮುಗಿದ ಮರುದಿನ ಬಾಟಲಿಗಳ ತಳದಲ್ಲಿ ಉಳಿದದ್ದನ್ನು ನಮ್ಮ ಮೇಲ್ವಿಚಾರಕಿ ಕೆಳಗೆ ತಂದು ನಾಲ್ಕು ಲೋಟಕ್ಕೆ ಹಂಚುತ್ತಿದ್ದಳು. ಎರಡು ವರ್ಷ ಬೇಡ ಎಂದು ತಪ್ಪಿಸಿಕೊಂಡೆ. ನಲವತ್ತೆರಡನೇ ಹುಟ್ಟಿದ ದಿನ ಬಲವಂತ ಮಾಡಿದರು, ಕುಡಿದೆ. ಉಳಿದ ಮೂವರು ಮುಖ ಕಿವುಚಿಕೊಂಡು, ನಕ್ಕು, ಮತ್ತೆ ಸೂಜಿ ಹಿಡಿದರು. ಅವರಿಗೆ ಅದು ಅಲ್ಲಿಗೆ ಮುಗಿಯಿತು. ನನಗೆ ಮಾತ್ರ, ಇಷ್ಟು ದಿನ ಎಲ್ಲಿದ್ದೆ ಎಂದು ಯಾರೋ ಕೇಳಿದ ಹಾಗಾಯಿತು. ಅಪ್ಪನಿಗೆ ಅದು ಹೇಗೆ ಹಿಡಿಸುತ್ತಿತ್ತು ಎಂದು ಅಣ್ಣ ಕೇಳಿದ್ದನಲ್ಲ, ನನಗೆ ಉತ್ತರ ಸಿಕ್ಕಿತು.

ನಮ್ಮ ಯಜಮಾನರು ರೈಲಿನಲ್ಲಿ ಟಿಕೆಟ್ ನೋಡುವವರು. ವಾರದಲ್ಲಿ ಮೂರು ದಿನ ಮನೆ, ನಾಲ್ಕು ದಿನ ಹಳಿಯ ಮೇಲೆ. ಅವರು ಮನೆಯಲ್ಲಿದ್ದ ಮೂರು ದಿನ ನನಗೆ ಅದು ಬೇಕೆಂದೂ ಅನಿಸುತ್ತಿರಲಿಲ್ಲ. ಉಳಿದ ನಾಲ್ಕು ದಿನ ಒಂದು ಮುಚ್ಚಳ, ಎರಡು ಮುಚ್ಚಳ. ಮಗಳು ಓದಲು ಹಾಸ್ಟೆಲಿಗೆ ಹೋದಳು, ಮುಚ್ಚಳ ಹೋಗಿ ಚಹಾದ ಲೋಟ ಬಂತು. ಹೋಟೆಲಿನವರು ಆ ಕೋಣೆ ಮುಚ್ಚಿ ಹೊಲಿಗೆಯನ್ನು ಹೊರಗೆ ಕೊಟ್ಟರು, ನಾನು ಮನೆಯಲ್ಲೇ ಯಂತ್ರ ಹಾಕಿಕೊಂಡು ಕೂತೆ, ಚಹಾದ ಲೋಟಕ್ಕೆ ಹೊತ್ತುಗೊತ್ತು ತಪ್ಪಿತು. ಡಾಕ್ಟರು ಅಣ್ಣನಿಗೆ ಹೇಳಿದ ಪಾಠವನ್ನು ಪರೀಕ್ಷೆ ಬರೆದು ತೋರಿಸಿದವಳು ನಾನು. ಬಾಟಲಿ ಇರುತ್ತಿದ್ದದ್ದು ಚಿಂದಿ ಬಟ್ಟೆಯ ಚೀಲದಲ್ಲಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ ಅನ್ನುತ್ತಾರೆ. ಕಾಣುವುದಿಲ್ಲ. ಜಗತ್ತು ಬೇರೆ ಬೆಕ್ಕನ್ನು ನೋಡುತ್ತಾ ಕೂತಿದ್ದರೆ ಖಂಡಿತ ಕಾಣುವುದಿಲ್ಲ.

ಅಮ್ಮ ಐದು ವರ್ಷದ ಹಿಂದೆ ತೀರಿಕೊಂಡಳು. ಕೊನೆಯ ವಾರ ನನ್ನನ್ನು ಹತ್ತಿರ ಕರೆದು, ಅಣ್ಣನನ್ನು ನೋಡಿಕೋ, ಕೆಲಸ ಬಿಟ್ಟ ಮೇಲೆ ಶುರುಮಾಡುತ್ತಾನೆ ಎಂದಳು. ನಾನು ಬಗ್ಗಿ ಕಿವಿ ಕೊಟ್ಟಿದ್ದೆ. ನನ್ನ ಬಾಯಿಂದ ಲವಂಗದ ವಾಸನೆ ಬಂದಿರಬೇಕು. "ಹಲ್ಲುನೋವಾ ಮಗಳೇ" ಎಂದು ಕೇಳಿದಳು. ಹೌದಮ್ಮ ಎಂದೆ. ಅವಳು ನನ್ನ ಕೆನ್ನೆ ಸವರಿದಳು. ನನ್ನ ಜೀವನದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಅದೊಂದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಣ್ಣನಿಗೆ ಅರವತ್ತಾಗುವ ಹೊತ್ತಿಗೆ ಅತ್ತಿಗೆಗೂ ಭಯ ಹತ್ತಿತು. ಇಷ್ಟು ದಿನ ಡಿಪೋ ಹಿಡಿದುಕೊಂಡಿತ್ತು, ಇನ್ನು ಮಧ್ಯಾಹ್ನವಿಡೀ ಖಾಲಿ ಕೂತರೆ ಗತಿಯೇನು. ಅವಳು ಯೋಚಿಸಿ ಒಂದು ದಾರಿ ಹುಡುಕಿದಳು. ಅವಳಿಗೆ ಮಧ್ಯಾಹ್ನ ಗ್ರಂಥಾಲಯದಲ್ಲಿ ಕೆಲಸ. ನಾನಂತೂ ಮನೆಯಲ್ಲೇ ಇರುತ್ತೇನೆ. ಸೋಮವಾರದಿಂದ ಅವನನ್ನು ದಿನಾ ಎರಡು ಗಂಟೆಗೆ ನನ್ನ ಮನೆಗೆ ಕಳಿಸುತ್ತಾಳೆ, ಐದರವರೆಗೆ ನಾನು ಕಾಯಬೇಕು. ಎರಡರಿಂದ ಐದು ನನ್ನ ಚಹಾದ ಲೋಟ ಎಂದೂ ತಪ್ಪದ ಸಮಯ. ಆಗಲಿ ಎಂದೆ, ಇನ್ನೇನು ಹೇಳಲಿ. ಆ ವಾರವೆಲ್ಲ, ಸೋಮವಾರ ಬಂದರೆ ನನ್ನ ಬಣ್ಣ ಬಯಲಾಗುತ್ತದೆ ಎಂಬ ಹೆದರಿಕೆಗೆ ದಿನಕ್ಕಿಂತ ಒಂದು ಲೋಟ ಹೆಚ್ಚೇ ಕುಡಿದೆ. ಆದರೆ ಬಯಲಾಗಲು ಸೋಮವಾರದವರೆಗೆ ಕಾಯಬೇಕಾಗಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಡಿಪೋದ ಅಂಗಳದಲ್ಲಿ ಬೀಳ್ಕೊಡುಗೆ. ಎರಡು ಬಸ್ಸುಗಳ ನಡುವೆ ಬಟ್ಟೆ ಕಟ್ಟಿ ನೆರಳು ಮಾಡಿದ್ದರು. ಚಹಾ, ಕೇಕು, ನೂರಾರು ಡ್ರೈವರು ಕಂಡಕ್ಟರುಗಳು. ಅತ್ತಿಗೆ, ನಮ್ಮ ಯಜಮಾನರು, ನಾನು ಮುಂದಿನ ಕುರ್ಚಿಗಳಲ್ಲಿ. ಯಜಮಾನರು ಮಧ್ಯಾಹ್ನದ ರೈಲಿಗೆ ಬಂದವರು ನೇರ ಡಿಪೋಗೇ ಬಂದಿದ್ದರು. ನಾನು ಮನೆಯಿಂದ ಒಬ್ಬಳೇ ಹೊರಟಿದ್ದೆ, ಜನರ ಮುಂದೆ ಕೂರಬೇಕಲ್ಲ ಎಂದು ಧೈರ್ಯಕ್ಕೆ ಎರಡು ಲೋಟ ಮುಗಿಸಿ. ಭಾಷಣಗಳಾದವು. ಹೊಸ ಯಂತ್ರ ಬರುತ್ತಿರುವುದರಿಂದ ಹಳೆಯ ಹಳದಿ ಯಂತ್ರವನ್ನೇ ಅಣ್ಣನಿಗೆ ಉಡುಗೊರೆಯಾಗಿ ಕೊಟ್ಟರು. ಅಣ್ಣ ಕಣ್ಣು ಒರೆಸಿಕೊಂಡು, ಕೊನೆಯ ಸಲ ಎಲ್ಲರೆದುರು ಊದಿದ. ಸೊನ್ನೆ. ಚಪ್ಪಾಳೆ ಬಿತ್ತು.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಹಿಂದಿನ ಸಾಲಿನಿಂದ ಒಬ್ಬ ಹಳೆಯ ಡ್ರೈವರು ಎದ್ದು, ಮೂವತ್ತೊಂದು ವರ್ಷ ನಮ್ಮನ್ನು ಊದಿಸಿದ್ದೀರಿ, ಇವತ್ತು ನಿಮ್ಮ ಮನೆಯವರು ಊದಲಿ ಎಂದ. ಅಂಗಳವೆಲ್ಲ ಹೋ ಎಂದು ಒಪ್ಪಿತು. ಅತ್ತಿಗೆ ನಗುತ್ತಾ ಎದ್ದು ಊದಿದಳು. ಅಣ್ಣ ಪದ್ಧತಿಯಂತೆ ಗಟ್ಟಿಯಾಗಿ ಓದಿದ, ಸೊನ್ನೆ. ಯಜಮಾನರು ಊದಿದರು, ಸೊನ್ನೆ. ಅಣ್ಣ ಮೂರನೇ ಕೊಳವೆ ಸಿಕ್ಕಿಸಿಕೊಂಡು ನನ್ನ ಮುಂದೆ ಬಂದು ನಿಂತ.

ನನಗೆ ನೆಗಡಿ ಎಂದೆ. ಜನ ನಕ್ಕರು. ಎದೆ ಹಿಡಿದುಕೊಂಡಿದೆ ಎಂದೆ, ಇನ್ನೂ ನಕ್ಕರು. ಅಕ್ಕ, ಇದೆಲ್ಲ ನಮ್ಮ ಮಾತುಗಳು ಎಂದ ಆ ಹಳೆಯ ಡ್ರೈವರು. ಕೊಳವೆ ಬಾಯಿಗಿಟ್ಟು ಉಸಿರನ್ನು ಒಳಗೆಳೆದೆ. ಯಂತ್ರ ಕುಯ್ಯೆನ್ನಲಿಲ್ಲ. ಅಣ್ಣನ ನಗು ಅಲ್ಲೇ ನಿಂತಿತು. ಇಂಥ ಎಷ್ಟು ಜನರನ್ನು ನೋಡಿದ್ದಾನೆ ಅವನು. ನನ್ನ ಮುಖ ನೋಡಿದ, ಇನ್ನೊಂದು ಹೆಜ್ಜೆ ಹತ್ತಿರ ಬಂದ. ತಪ್ಪಿಸಿಕೊಳ್ಳುವ ದಾರಿ ಮುಗಿದಿತ್ತು. ಊದಿದೆ. ಯಂತ್ರ ಕೂಗುವ ಮೊದಲೇ ಅವನ ಹೆಬ್ಬೆರಳು ಸದ್ದು ಅಡಗಿಸುವ ಗುಂಡಿಯ ಮೇಲೆ ಹೋಯಿತು. ಅಂಕಿಯನ್ನು ನೋಡಿದವನು ಅವನೊಬ್ಬನೇ.

"ಸೊನ್ನೆ" ಎಂದು ಓದಿದ.

ಚಪ್ಪಾಳೆ ಬಿತ್ತು. ಕೇಕು ಕತ್ತರಿಸಿದರು. ನನ್ನ ತಟ್ಟೆಗೆ ಬಂದ ತುಂಡನ್ನು ನಾನು ಹೇಗೆ ನುಂಗಿದೆನೋ ಗೊತ್ತಿಲ್ಲ.

ಯಜಮಾನರೂ ಅತ್ತಿಗೆಯೂ ಹೂಗುಚ್ಛಗಳನ್ನು ಹೊತ್ತುಕೊಂಡು ಮುಂದಿನ ಬಸ್ಸಿನಲ್ಲಿ ಹೋದರು. ಅಣ್ಣ ನನ್ನನ್ನು ಹಿಂದಿನದಕ್ಕೆ ಹತ್ತಿಸಿ ಪಕ್ಕದಲ್ಲಿ ಕೂತ. ಮೂರು ನಿಲ್ದಾಣ ದಾಟುವವರೆಗೂ ಕಿಟಕಿಯನ್ನೇ ನೋಡುತ್ತಿದ್ದ. ಎಷ್ಟು ಬಂದಿತ್ತು ಎಂದು ನಾನೇ ಕೇಳಿದೆ.

"ಡ್ರೈವರ್ ಆಗಿದ್ದರೆ ಮೂರು ದಿನ ಬಸ್ ಕೊಡ್ತಿರಲಿಲ್ಲ" ಎಂದ. ಆಮೇಲೆ, "ಎಷ್ಟು ವರ್ಷದಿಂದ?"

"ಹದಿನಾಲ್ಕು."

ಒಂದು ನಿಲ್ದಾಣ ಕಳೆದ ಮೇಲೆ, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ. ಆಗ ನನಗೆ ಸಿಟ್ಟು ಬಂತು. ಅಪರಾಧಿಗೆ ಸಿಟ್ಟು ಬರಬಾರದು ಅನ್ನುತ್ತಾರೆ, ನನಗೆ ನೆತ್ತಿಗೇರಿತು.

"ಯಾರಿಗೆ ಹೇಳಬೇಕಿತ್ತಣ್ಣ? ನಲವತ್ತು ವರ್ಷದಿಂದ ಮನೆಯವರೆಲ್ಲ ನಿನ್ನನ್ನೇ ಕಾಯ್ತಾ ಇದ್ದಾರೆ. ನಾನೂ ನಿನ್ನನ್ನೇ ಕಾಯ್ತಾ ಇದ್ದೆ. ನನ್ನ ಕಡೆ ಒಬ್ಬರಾದರೂ ತಿರುಗಿ ನೋಡಿದ್ದೀರಾ?"

ಹಿಂದಿನ ಸೀಟಿನವರು ಕತ್ತೆತ್ತಿದರು. ಅಣ್ಣ ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದ. ಅವನು ಅಳುವುದನ್ನು ನೋಡಿ ನನಗೆ ಅಪ್ಪ ಸತ್ತ ದಿನಕ್ಕಿಂತ ಹೆಚ್ಚು ಸಂಕಟವಾಯಿತು. ಇಳಿಯುವ ಮುಂಚೆ ಒಂದು ಮಾತು ಹೇಳಿದ. ಡಿಪೋದಿಂದ ಡ್ರೈವರುಗಳನ್ನು ಕಳಿಸುವ ಆಸ್ಪತ್ರೆ ಇದೆ, ಬುಧವಾರ ಜೊತೆಗೆ ಬರುತ್ತೇನೆ, ಅಲ್ಲಿ ನಿನ್ನ ಪರವಾಗಿ ಬಾಯಿ ತೆರೆಯುವುದಿಲ್ಲ, ಸುಮ್ಮನೆ ಕೂತಿರುತ್ತೇನೆ. ಭಾನುವಾರ ನಾನೇ ಯಜಮಾನರಿಗೆ ಹೇಳಿದೆ. ಅವರು ಆ ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದರು. ನನಗೆ ಅಷ್ಟು ಸಾಕಾಯಿತು. ಆದರೆ ಬುಧವಾರ ಅವರಿಗೆ ರೈಲು ಇತ್ತು.

ಬುಧವಾರ ಆಸ್ಪತ್ರೆಯ ಎರಡನೇ ಮಹಡಿಯ ಬೆಂಚಿನ ಮೇಲೆ ಅಣ್ಣ ತಂಗಿ ಇಬ್ಬರೂ ಒಂದು ಗಂಟೆ ಕೂತೆವು. ನಮ್ಮ ಟೋಕನ್ ಬಂದಾಗ ಒಳಗೆ ಹೋದೆವು. ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಕನ್ನಡಕ ಹಾಕಿದ ಒಬ್ಬ ನರ್ಸು. ಆಕೆ ಒಂದು ಹಾಳೆ ಎಳೆದುಕೊಂಡು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಪೆನ್ನನ್ನು ಅಣ್ಣನ ಕಡೆ ತಿರುಗಿಸಿದಳು. ರೋಗಿ ಯಾರು ಎಂದು ಕೇಳಬೇಕೆಂದು ಆಕೆಗೆ ಅನಿಸಲೇ ಇಲ್ಲ. ವಯಸ್ಸು ಕೇಳಿದಳು. ಅಣ್ಣ ನನ್ನ ಕಡೆ ನೋಡಿದ. ನಾನು ನೆಲ ನೋಡುತ್ತಿದ್ದೆ. ಅರವತ್ತು ಎಂದ. ಕೆಲಸ? ಮೊನ್ನೆ ನಿವೃತ್ತಿಯಾಯಿತು ಎಂದ. ನಿವೃತ್ತಿಯ ಹೊತ್ತಿಗೆ ಇದು ಹೆಚ್ಚಾಗುವುದುಂಟು ಎಂದು ನರ್ಸು ತಲೆಯಾಡಿಸಿದಳು. ಮನೆಯಲ್ಲಿ ಮೊದಲು ಯಾರಿಗಾದರೂ ಇತ್ತೇ? ಅಜ್ಜನಿಗೆ, ಅಪ್ಪನಿಗೆ ಎಂದ. ಒಂದೂ ಸುಳ್ಳಲ್ಲ. ಎಲ್ಲವೂ ಅವನಿಗೆ ಅಳತೆ ತೆಗೆದು ಹೊಲಿದಂತೆ ಕೂರುತ್ತಿತ್ತು. ನನ್ನ ಎದೆಯ ಮೂಲೆಯಲ್ಲಿ ಒಂದು ನೆಮ್ಮದಿ ಹುಟ್ಟುತ್ತಿತ್ತು. ಹೀಗೇ ಮುಂದುವರಿದರೆ ನಾನು ಬಾಯಿ ಬಿಡುವುದೇ ಬೇಡ. ಅದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ನಿಜ.

"ಎಷ್ಟು ವರ್ಷದಿಂದ ಕುಡೀತಿದ್ದೀರಿ?" ಎಂದು ನರ್ಸು ಅವನನ್ನು ಕೇಳಿದಳು.

ಅಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡ. "ಹದಿನಾಲ್ಕು" ಎಂದ.

ನರ್ಸು ಬರೆಯಲು ಬಗ್ಗಿದಳು. ನಾನು ಎದ್ದು ಆ ಹಾಳೆಯ ಮೇಲೆ ಕೈಯಿಟ್ಟೆ.

"ಬರೀಬೇಡಿ ಅಮ್ಮ. ಇವನು ಕುಡಿಯಲ್ಲ. ಕುಡಿಯೋಳು ನಾನು."

ಆಕೆ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೊಸ ಹಾಳೆಯೊಂದನ್ನು ತೆಗೆದು ಕುಳಿತುಕೊಳ್ಳಲು ಹೇಳಿ ನನ್ನ ವಯಸ್ಸು ಕೇಳಿದಳು. ಐವತ್ತಾರು ಎಂದೆ.